ಆಯಿ ಕ್ಯಾಮೆರಾಕ್ಕೆ ಟವೆಲ್ ಹಾಕಿದ ದಿನ



2025ರ ಡಿಸೆಂಬರ್ 28, ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಹಬ್ಬಕ್ಕೆ ಕುಟುಂಬದ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಗುರುಗಳು ಹೇಳಿದಾಗ ನಮಗೆ ಮೊದಲು ನೆನಪಾದದ್ದು ಒಂದು ಟವೆಲ್. ಅದರ ಕಥೆಯನ್ನೇ ಹೇಳಿಬಿಡುತ್ತೇವೆ.

ಜುಲೈ ತಿಂಗಳ ಒಂದು ಮಂಗಳವಾರ. ನಾವು ಅಣ್ಣ-ತಮ್ಮ ಇಬ್ಬರೂ ಆ ದಿನ ಪುಣೆಯ ನಮ್ಮ ಖೋಲಿಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆವು. ಬೆಳಗಿನ ಮೀಟಿಂಗು ನಡೆದಿತ್ತು. ಹತ್ತೂವರೆಗೆ ಇಬ್ಬರ ಫೋನೂ ಒಟ್ಟಿಗೆ ಟಣ್ ಎಂದವು. ಸೋನ್ಯಾಳದ ಮನೆಯಲ್ಲಿ ಹಾಕಿದ್ದ ಕ್ಯಾಮೆರಾದಿಂದ ಸೂಚನೆ: ಕ್ಯಾಮೆರಾದ ಕಣ್ಣಿಗೆ ಏನೋ ಅಡ್ಡ ಬಂದಿದೆ. ಆ್ಯಪ್ ತೆರೆದರೆ ಪರದೆ ತುಂಬ ಕೆಂಪು. ಎದೆ ಝಲ್ ಎಂದಿತು. ಅಪ್ಪನಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಅವ್ವನಿಗೆ ಮಾಡಿದೆವು, ಅವಳೂ ಎತ್ತಲಿಲ್ಲ. ಕೊನೆಗೆ ಆಯಿಯ ಬಟನ್ ಫೋನಿಗೆ ಮಾಡಿದೆವು. ಐದಾರು ರಿಂಗಾದ ಮೇಲೆ ಎತ್ತಿದಳು.

"ಆಯಿ, ಏನಾತು? ಅರಾಮ ಅದಿ ಇಲ್ಲೋ?"

"ಅರಾಮ ಅದೀನಿ. ನನಗೇನಾಗ್ತೈತಿ?"

"ಮತ್ತ ಕ್ಯಾಮೆರಾಕ್ಕ ಏನಾಗೇತಿ?"

"ಟವೆಲ್ ಹಾಕೀನಿ."

"ಯಾಕ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಹನ್ನೊಂದು ದಿನ ಆತು ನೀವು ಫೋನ್ ಮಾಡಿ. ನೀವು ನನ್ನ ನೋಡ್ತೀರಿ. ನಾ ನಿಮ್ಮನ್ನ ನೋಡೂದ್ಯಾವಾಗ?"

ಅಷ್ಟರಲ್ಲಿ ಮೀಟಿಂಗಿನಲ್ಲಿ ನಮ್ಮಲ್ಲೊಬ್ಬನ ಹೆಸರು ಕರೆದರು. "ಆಯಿ, ಸಂಜಿಮುಂದ ಮಾಡ್ತೀವಿ" ಎಂದು ಫೋನ್ ಇಟ್ಟೆವು. ಆ ಸಂಜೆಯೂ ನಾವು ಫೋನ್ ಮಾಡಲಿಲ್ಲ. ಕೆಲಸದ ಗದ್ದಲದಲ್ಲಿ ಮರೆತುಹೋಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾದೀತು.

ಕ್ಯಾಮೆರಾ ಹಾಕಿದ್ದು ಕೆಟ್ಟ ಮನಸ್ಸಿನಿಂದಲ್ಲ. ಮಾರ್ಚಿನಲ್ಲಿ, ತಪಸ್ಸುಕಾಲದ ದಿನಗಳಲ್ಲಿ, ಆಯಿ ಬಚ್ಚಲಿನ ಹೊಸ್ತಿಲ ಹತ್ತಿರ ಜಾರಿ ಬಿದ್ದಿದ್ದಳು. ಅಪ್ಪ-ಅವ್ವ ದಾಳಿಂಬೆ ತೋಟದಲ್ಲಿದ್ದರು. ಒಂದೂವರೆ ತಾಸು ಆಕೆ ನೆಲದ ಮೇಲೇ ಇದ್ದಳು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಕಾಕು ನೋಡಿ ಎಬ್ಬಿಸಿದಳು. ಎಲುಬು ಮುರಿದಿರಲಿಲ್ಲ, ದೇವರ ಕೃಪೆ.

ಸುದ್ದಿ ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಪುಣೆಯಿಂದ ಸೋನ್ಯಾಳಕ್ಕೆ ಒಂದು ರಾತ್ರಿಯ ದಾರಿ. ಆ ಒಂದೂವರೆ ತಾಸು ನಾವು ಏನು ಮಾಡುತ್ತಿದ್ದೆವು ಎಂದು ಲೆಕ್ಕ ಹಾಕಿದರೆ, ಒಬ್ಬ ಯಾವುದೋ ಬಟನ್ನಿನ ಬಣ್ಣ ಬದಲಿಸುತ್ತಿದ್ದ, ಇನ್ನೊಬ್ಬ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ನಾವು ಸಾಫ್ಟ್‌ವೇರ್ ಮಾಡುವವರು. ತೊಂದರೆ ಬಂದರೆ ನಮ್ಮ ಕೈ ಮೊದಲು ಹೋಗುವುದು ಯಂತ್ರದ ಕಡೆಗೆ. ಪಾಸ್ಖ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕ್ಯಾಮೆರಾ, ಒಂದು ರೂಟರ್, ಕರೆಂಟ್ ಹೋದರೂ ನಡೆಯಲೆಂದು ಒಂದು ಚಿಕ್ಕ ಬ್ಯಾಟರಿ ಒಯ್ದೆವು. ಪಡಸಾಲೆಯ ಮೂಲೆಯಲ್ಲಿ, ಬಚ್ಚಲಿನ ಬಾಗಿಲೂ ಆಯಿಯ ಹಾಸಿಗೆಯೂ ಕಾಣುವಂತೆ ಕೂಡಿಸಿದೆವು. ಎಲ್ಲಿ ಹಾಕಬೇಕೆಂದು ಅಪ್ಪನನ್ನು ಕೇಳಿದೆವು, ಆಯಿಯನ್ನು ಕೇಳಲಿಲ್ಲ. ಆಗ ಅದು ತಪ್ಪೆಂದೂ ಅನಿಸಲಿಲ್ಲ.

ಇಂಥ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು. ಅದು ಈಗಿನ ಚಿತ್ರವನ್ನು ಹಿಂದಿನ ಚಿತ್ರದ ಜೊತೆ ಚುಕ್ಕೆಗೆ ಚುಕ್ಕೆ ಹೋಲಿಸುತ್ತದೆ. ನಿಗದಿ ಮಾಡಿದ್ದಕ್ಕಿಂತ ಹೆಚ್ಚು ಚುಕ್ಕೆಗಳು ಬದಲಾಗಿದ್ದರೆ, ಏನೋ ಅಲುಗಾಡಿತು ಎಂದು ಫೋನಿಗೆ ಸೂಚನೆ ಕಳಿಸುತ್ತದೆ. ಅಲುಗಾಡಿದ್ದು ಆಯಿಯೋ ಕೋಳಿಯೋ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಮೊದಲ ವಾರ ದಿನಕ್ಕೆ ನಲವತ್ತು ಸೂಚನೆ ಬಂದವು. ಕೋಳಿ, ಬೆಕ್ಕು, ಗಾಳಿಗೆ ಹಾರುವ ಸೀರೆಯ ಸೆರಗು. ನಾವು ಅದರ ಮಿತಿ ಏರಿಸಿದೆವು, ಕೋಳಿ ಓಡಾಡುವ ಜಾಗಕ್ಕೆ ಗೆರೆ ಹಾಕಿ ಬಿಟ್ಟೆವು. ಎರಡನೇ ವಾರದ ಹೊತ್ತಿಗೆ ದಿನಕ್ಕೆ ಆರೇಳು ಸೂಚನೆ, ಎಲ್ಲವೂ ಆಯಿಯದ್ದೇ. ನಮಗೆ ಬಹಳ ಹೆಮ್ಮೆಯಾಯಿತು.

ಆ ಕ್ಯಾಮೆರಾದಲ್ಲಿ ಸ್ಪೀಕರೂ ಇತ್ತು. ಒಮ್ಮೆ ಪುಣೆಯಿಂದ "ಆಯಿ" ಎಂದು ಕರೆದೆವು. ಗೋಡೆಯಿಂದ ದನಿ ಬಂದದ್ದಕ್ಕೆ ಆಕೆ ಬೆಚ್ಚಿ, ಕೈಯಲ್ಲಿದ್ದ ಚಹಾದ ಬಟ್ಟಲು ಚೆಲ್ಲಿದಳು. ಅಂದೇ ಸ್ಪೀಕರ್ ಬಂದ್ ಮಾಡಿದೆವು. ಅಲ್ಲಿಗೆ ಅದು ಬರೀ ಕಣ್ಣಾಗಿ ಉಳಿಯಿತು.

ಮೇ ತಿಂಗಳ ಯುವಜನರ ಸಭೆಯಲ್ಲಿ ಇದನ್ನು ಎಲ್ಲರಿಗೂ ತೋರಿಸಿದೆವು, ನಿಮಗೆ ನೆನಪಿರಬಹುದು. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಏಳೆಂಟು ಮಂದಿ ಆ್ಯಪ್‌ನ ಹೆಸರು ಬರೆದುಕೊಂಡಿರಿ. ಅದಕ್ಕೇ ಈ ಬರಹ ನಿಮಗೆ ನಾವು ತೀರಿಸಬೇಕಾದ ಸಾಲವೂ ಹೌದು.

ಟವೆಲ್ ಹಾಕಿದ ಮರುದಿನ ರಾತ್ರಿ ಮನೆಗೆ ಫೋನ್ ಮಾಡಿದೆವು. ಅವ್ವ ಎತ್ತಿದಳು. ಆಕೆ ಸಿಟ್ಟು ಮಾಡುವವಳಲ್ಲ. ಅಂದು ಮಾತ್ರ ಹೇಳಿದಳು: "ನಿಮಗ ಮಾತಾಡಾಕ ವ್ಯಾಳೆ ಇಲ್ಲ, ನೋಡಾಕ ಐತಿ."

ಇಲ್ಲ ಅವ್ವ, ಮೊದಲಿನಂತೆಯೇ ಫೋನ್ ಮಾಡುತ್ತೇವೆ ಎಂದು ವಾದಿಸಿದೆವು. ನಂಬಿಕೆಯಿಂದಲೇ ವಾದಿಸಿದೆವು. ಆಮೇಲೆ ಕುಳಿತು ಇಬ್ಬರ ಫೋನಿನ ಕರೆಗಳ ಪಟ್ಟಿ ತೆಗೆದೆವು. ನಮ್ಮ ಕಸುಬಿನಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಡುವ ಕೆಲಸ ಇದು: ಯಾರ ಮಾತನ್ನೂ ನಂಬದೆ, ಯಂತ್ರ ಬರೆದಿಟ್ಟ ದಾಖಲೆ ಓದುವುದು. ಕ್ಯಾಮೆರಾ ಹಾಕುವ ಮೊದಲಿನ ನಾಲ್ಕು ವಾರಗಳಲ್ಲಿ ಇಬ್ಬರೂ ಸೇರಿ ಮನೆಗೆ ಮಾಡಿದ ಕರೆ 34. ಟವೆಲ್ ಬೀಳುವ ಹಿಂದಿನ ನಾಲ್ಕು ವಾರಗಳಲ್ಲಿ 9. ಅದೇ ನಾಲ್ಕು ವಾರಗಳಲ್ಲಿ ಕ್ಯಾಮೆರಾದ ಆ್ಯಪ್ ತೆರೆದದ್ದು 112 ಸಲ.

ಆಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾವು ಆಕೆಯನ್ನು ಮರೆತಿರಲಿಲ್ಲ, ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆವು. ಹಾಸಿಗೆಯಿಂದ ಎದ್ದಳು, ಬಚ್ಚಲಿಗೆ ಹೋದಳು, ಬಂದಳು, ಕುಳಿತಳು. ಸರಿ, ಚೆನ್ನಾಗಿದ್ದಾಳೆ. ಫೋನು ಜೇಬಿಗೆ. ಮೊದಲು "ಆಯಿ ಹೇಗಿದ್ದಾಳೋ" ಎಂಬ ಕಳವಳವೇ ನಮ್ಮಿಂದ ಫೋನ್ ಮಾಡಿಸುತ್ತಿತ್ತು. ಕ್ಯಾಮೆರಾ ಆ ಕಳವಳವನ್ನು ತೆಗೆಯಿತು, ಅದರ ಜೊತೆಗೇ ಫೋನನ್ನೂ ತೆಗೆಯಿತು. ಆಕೆಯ ಕಡೆಯಿಂದ ನೋಡಿದರೆ ಮೊಮ್ಮಕ್ಕಳು ಕಳೆದುಹೋಗಿದ್ದರು, ಬದಲಿಗೆ ಗೋಡೆಯ ಮೇಲೊಂದು ಕರಿ ಗುಂಡು ಬಂದಿತ್ತು.

ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಪವಿತ್ರ ಕುಟುಂಬದ ಒಂದು ಪ್ರಸಂಗವಿದೆ. ಬಾಲ ಯೇಸುವಿಗೆ ಹನ್ನೆರಡು ವರ್ಷ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗ, ಮಗ ಯಾತ್ರಿಕರ ಗುಂಪಿನಲ್ಲೇ ಇದ್ದಾನೆಂದು ಮರಿಯಳೂ ಜೋಸೆಫರೂ ಭಾವಿಸಿಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಎಷ್ಟೋ ಸಲ ಕೇಳಿದ ಪ್ರಸಂಗ. ಆ ರಾತ್ರಿ ಮಾತ್ರ ಅದು ನಮ್ಮದೇ ಕಥೆ ಅನಿಸಿತು. ಇದ್ದಾನೆ ಎಂದು ಅಂದುಕೊಳ್ಳುವುದು ಎಷ್ಟು ಸುಲಭ! ಅಂಥ ತಂದೆತಾಯಿಗೇ ಹಾಗಾದರೆ ನಮ್ಮ ಪಾಡೇನು? ಆದರೆ ಅವರು ತಿಳಿದ ಕೂಡಲೇ ತಿರುಗಿ ನಡೆದರು. ಆಳನ್ನು ಕಳಿಸಲಿಲ್ಲ, ತಾವೇ ಹೋದರು, ಮೂರನೇ ದಿನ ಮಗನನ್ನು ಕಂಡರು.

ಇಲ್ಲಿ ನಮ್ಮ ಕೆಲಸದ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ಳಬೇಕು. ನಾವಿಬ್ಬರೂ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದವರು. ಮಹಾರಾಷ್ಟ್ರದ ಕನ್ನಡ ಶಾಲೆಗಳ ಪಠ್ಯಪುಸ್ತಕ ಹೊರಡುವುದು ಪುಣೆಯ ಬಾಲಭಾರತಿಯಿಂದ. ಪುಣೆಯಿಂದ ಬಂದ ಪುಸ್ತಕದಲ್ಲಿ ಕನ್ನಡ ಕಲಿತು, ಬಿ.ಎಸ್ಸಿ. ಮುಗಿಸಿ, ಅದೇ ಪುಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತೆವು. ಒಬ್ಬನ ತಂಡಕ್ಕೆ ಈ ವರ್ಷ ಕೊಟ್ಟ ಗುರಿ ಒಂದೇ: ಬಳಸುವವರು ಆ್ಯಪ್‌ನಲ್ಲಿ ಕಳೆಯುವ ನಿಮಿಷಗಳು ಹೆಚ್ಚಬೇಕು. ಅದಕ್ಕೆ ಬೇಕಾದ ಉಪಾಯಗಳು ನಮಗೆ ಗೊತ್ತು. ಕೆಂಪು ಚುಕ್ಕೆ, ತಾನಾಗಿ ಶುರುವಾಗುವ ಮುಂದಿನ ವಿಡಿಯೊ, ಎಷ್ಟು ಸರಿಸಿದರೂ ಮುಗಿಯದ ಪುಟ. ಮೊದಲು ಪುಟಕ್ಕೊಂದು ತುದಿ ಇತ್ತು. ತುದಿ ಬಂದಾಗ ಮನುಷ್ಯ ತಲೆ ಎತ್ತಿ, ಸಾಕು ಎನ್ನುತ್ತಿದ್ದ. 2006ರಲ್ಲಿ ಆಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕ ತುದಿಯಿಲ್ಲದ ಪುಟವನ್ನು ರೂಪಿಸಿದ. ಅದರಿಂದ ಮಂದಿಯ ಸಮಯ ಎಷ್ಟು ಹಾಳಾಯಿತೆಂದು ನೋಡಿ ಆಮೇಲೆ ಅವನೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ. ಬೇರೆಯವರ ಮನೆಯ ಊಟದ ಹೊತ್ತನ್ನು ಕದಿಯುವ ಕೆಲಸದಲ್ಲಿ ನಮ್ಮ ಪಾಲೂ ಇದೆ. ನಮ್ಮ ಮನೆಯ ಹೊತ್ತು ಹೋದದ್ದು ಆಮೇಲೆ ಗೊತ್ತಾಯಿತು.

ಆ ತುದಿಯನ್ನು ಮರಳಿ ತಂದ ಊರು ನಮ್ಮ ಸಾಂಗ್ಲಿ ಜಿಲ್ಲೆಯಲ್ಲೇ ಇದೆ. ಕಡೇಗಾವ್ ತಾಲೂಕಿನ ಮೋಹಿತ್ಯಾಂಚೆ ವಡಗಾವ್. ಲಾಕ್‌ಡೌನಿನ ಆನ್‌ಲೈನ್ ಪಾಠ ಮುಗಿದರೂ ಮಕ್ಕಳ ಕೈಯಿಂದ ಫೋನು ಇಳಿಯಲಿಲ್ಲ ಎಂಬ ದೂರು ಅಲ್ಲಿ ಎದ್ದಿತ್ತು. 2022ರ ಆಗಸ್ಟಿನಲ್ಲಿ ಊರಿನವರು ಸಭೆ ಸೇರಿ ಒಂದು ತೀರ್ಮಾನ ಮಾಡಿದರು. ದಿನಾಲು ಸಂಜೆ 7 ಗಂಟೆಗೆ ಗುಡಿಯ ಮೇಲಿನ ಸೈರನ್ ಕೂಗುತ್ತದೆ. ಎಲ್ಲ ಮನೆಗಳಲ್ಲಿ ಟಿ.ವಿ., ಮೊಬೈಲು ಬಂದ್. 8.30ಕ್ಕೆ ಮತ್ತೆ ಸೈರನ್. ನಡುವಿನ ಒಂದೂವರೆ ತಾಸು ಓದು, ಮಾತು, ಊಟ. ಮೊದಮೊದಲು ಗಂಡಸರು, ಹುಡುಗರು ನಕ್ಕರಂತೆ. ಹೆಣ್ಣುಮಕ್ಕಳು ಮುಂದೆ ಬಂದ ಮೇಲೆ ಕೆಲಸ ನಡೆಯಿತು. ಬೆಳಗಾವಿ ಹತ್ತಿರದ ಹಲಗಾ ಗ್ರಾಮದವರೂ 2024ರ ಡಿಸೆಂಬರಿನಲ್ಲಿ ಸಂಜೆ 7ರಿಂದ 9ರವರೆಗೆ ಇಂಥದೇ ಸೈರನ್ ಶುರು ಮಾಡಿದರು.

ಆದರೆ ಆ ಸೈರನ್ ಒಂದೇ ಸೂರಿನ ಕೆಳಗೆ ಇರುವವರಿಗೆ. ಫೋನ್ ಕೆಳಗಿಟ್ಟರೆ ಎದುರಿಗೆ ಮಗ ಕಾಣುತ್ತಾನೆ, ಮಗಳು ಕಾಣುತ್ತಾಳೆ. ನಾವು ಫೋನ್ ಕೆಳಗಿಟ್ಟರೆ ಎದುರಿಗೆ ಪುಣೆಯ ಖೋಲಿಯ ಗೋಡೆ. ನಮಗೂ ಆಯಿಗೂ ನಡುವೆ ಇರುವ ಬಾಗಿಲು ಫೋನೊಂದೇ. ಹಾಗಾದರೆ ನಮ್ಮಂಥವರು ಏನು ಮಾಡಬೇಕು?

ಇದಕ್ಕೆ ನಮಗೆ ಉತ್ತರ ಸಿಕ್ಕಿದ್ದು ವಿಶ್ವಗುರು ಫ್ರಾನ್ಸಿಸರಲ್ಲಿ. 2019ರ ಡಿಸೆಂಬರ್ 29ರಂದು, ಇದೇ ಪವಿತ್ರ ಕುಟುಂಬದ ಹಬ್ಬದಂದು, ಮನೆಯವರೆಲ್ಲ ಊಟಕ್ಕೆ ಕುಳಿತು ಒಬ್ಬೊಬ್ಬರು ತಮ್ಮ ತಮ್ಮ ಮೊಬೈಲಿನಲ್ಲಿ ಮುಳುಗಿರುವುದರ ಬಗ್ಗೆ ಅವರು ಎಚ್ಚರಿಸಿದ್ದು ಹಲವರಿಗೆ ಗೊತ್ತು. ಅದಕ್ಕೂ ಮೊದಲು, 2016ರಲ್ಲಿ, ಕುಟುಂಬದ ಪ್ರೀತಿಯ ಬಗ್ಗೆ ಬರೆದ 'ಅಮೋರಿಸ್ ಲೆತಿತ್ಸಿಯಾ' ಎಂಬ ಪ್ರಬೋಧನೆಯಲ್ಲಿ ಇನ್ನೊಂದು ಮಾತು ಹೇಳಿದ್ದರು. ದೂರ ದೂರ ಇರುವ ಮನೆಯವರನ್ನು ಹತ್ತಿರ ತರಲು ಈ ಸಾಧನಗಳು ಉಪಯೋಗಕ್ಕೆ ಬರುತ್ತವೆ, ಆದರೆ ಆಳವಾದ ಮಾತುಕತೆಯ ಜಾಗವನ್ನು ಅವು ತುಂಬಲಾರವು, ಅದಕ್ಕೆ ಮನುಷ್ಯ ಎದುರಿಗಿರಬೇಕು, ಅದಾಗದಿದ್ದರೆ ಕನಿಷ್ಠ ಅವರ ದನಿಯಾದರೂ ಕೇಳಬೇಕು ಎಂಬುದು ಅದರ ತಾತ್ಪರ್ಯ. ಮೊದಲು ಸಾನ್ನಿಧ್ಯ, ಇಲ್ಲದಿದ್ದರೆ ದನಿ. ನಮ್ಮ ಕ್ಯಾಮೆರಾ ಈ ಎರಡರಲ್ಲಿ ಯಾವುದೂ ಆಗಿರಲಿಲ್ಲ.

ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. 2025ರಲ್ಲಿ ಅದು ಶುಕ್ರವಾರ ಬಂದಿತ್ತು, ಮೂರು ದಿನ ರಜೆ. ಗುರುವಾರ ರಾತ್ರಿಯ ಬಸ್ಸು ಹತ್ತಿದೆವು. ಮನೆಗೆ ಹೋದರೆ ಕ್ಯಾಮೆರಾದ ಮೇಲೆ ಆ ಕೆಂಪು ಟವೆಲ್ ಇನ್ನೂ ಇತ್ತು. ಯಾರೂ ಅದರ ಸುದ್ದಿ ಎತ್ತಲಿಲ್ಲ. ಸಂಜೆ ಜೋಳದ ರೊಟ್ಟಿ ತಿನ್ನುತ್ತ ಕುಳಿತಾಗ ನಾವೇ ಕೇಳಿದೆವು: "ಆಯಿ, ನಿಮ್ಮ ಕಾಲಕ್ಕ ಫೋನ್ ಇರಲಿಲ್ಲ. ಕಬ್ಬು ಕಡಿಯಾಕ ಹೋದಾಗ ಮನಿ ಸುದ್ದಿ ಹ್ಯಾಂಗ ಗೊತ್ತಾಗ್ತಿತ್ತು?"

ನಮ್ಮ ಜತ್ತ ಭಾಗ ಬರದ ನಾಡು. ಮಳೆ ಕೈಕೊಟ್ಟ ವರ್ಷ ದಸರಾ-ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಕೃಷ್ಣೆಯ ದಂಡೆಯ ಕಡೆಗೆ ಗುಳೆ ಹೋಗುವುದು ಎಷ್ಟೋ ಮನೆಗಳ ಪಾಡು. ಮುತ್ಯಾ, ಆಯಿ ಇಬ್ಬರೂ ಹೋಗುತ್ತಿದ್ದರು. ಗಂಡ-ಹೆಂಡತಿಯ ಜೋಡಿಯನ್ನು ಅಲ್ಲಿ 'ಒಂದು ಕೊಯ್ತಾ' ಎಂದು ಲೆಕ್ಕ ಹಿಡಿಯುತ್ತಾರೆ, ಕಬ್ಬು ಕಡಿಯುವ ಕತ್ತಿಯ ಹೆಸರಿನಿಂದ. ಮುಕಾದಮನಿಂದ ಮುಂಗಡ ತೆಗೆದುಕೊಂಡು ಹೋದರೆ ಅದು ತೀರುವವರೆಗೆ ದುಡಿತ. ಅಪ್ಪ ಆಗ ಚಿಕ್ಕವನು, ಊರಿನಲ್ಲಿ ಮುದುಕಿಯ ಹತ್ತಿರ ಇರುತ್ತಿದ್ದ.

"ಸುದ್ದಿ ಮನಶ್ಯಾನ ಕೈಯಾಗ ಬರ್ತಿತ್ತು" ಎಂದಳು ಆಯಿ. "ಊರ ಕಡಿಂದ ಯಾರರೇ ಬಂದ್ರ ನಮ್ಮ ಗುಡಸಲಿಗೆ ಬಂದು ಕುಂಡ್ರಾವ್ರು. ಚಹಾ ಕುಡಿದು, ಹುಡುಗ ಎಷ್ಟು ಎತ್ತರ ಆಗ್ಯಾನ ಅಂತ ಕೈ ಎತ್ತಿ ತೋರ್ಸಾವ್ರು. ಏನು ಕೇಳಿದ್ರೂ ಹೇಳಾವ್ರು. ನಿಮ್ಮ ಈ ಗುಂಡು ನನ್ನ ಏನ ಕೇಳ್ತೈತಿ?"

ಆಮೇಲೆ ಆಕೆ ಒಂದು ನಾತಾಳದ ಕಥೆ ಹೇಳಿದಳು. ನಮ್ಮ ಕಡೆ ಹಿರಿಯರು ಕ್ರಿಸ್ತಜಯಂತಿಗೆ ನಾತಾಳ ಎಂದೇ ಅನ್ನುತ್ತಾರೆ. ಅಪ್ಪನಿಗೆ ಆಗ ಒಂಬತ್ತು ವರ್ಷ. ಗುಳೆ ಹೋಗುವಾಗ "ನಾತಾಳಕ್ಕ ಬರ್ತೀನಿ" ಎಂದು ಆಯಿ ಮಾತು ಕೊಟ್ಟಿದ್ದಳು. ಡಿಸೆಂಬರ್ ಬಂತು. ಕೆಲಸದ ಭರಾಟೆ. ಮುಕಾದಮ ಬಿಡಲಿಲ್ಲ, ಹೋದರೆ ಎರಡು ದಿನದ ದುಡಿತ ಮುಂಗಡಕ್ಕೆ ಸೇರಿಸುತ್ತೇನೆ ಎಂದ. ಊರಿಗೆ ಹೊರಟಿದ್ದ ಒಬ್ಬನ ಕೈಯಲ್ಲಿ ಬೆಲ್ಲ ಕಳಿಸು, ಅರಾಮ ಇದ್ದೇವೆಂದು ಹೇಳಿ ಕಳಿಸು, ಸಾಕು ಎಂದು ಮುತ್ಯಾನೂ ಹೇಳಿದ. ಆಯಿ ಬೆಲ್ಲ ಕಳಿಸಿದಳು. ಆಮೇಲೆ ಮನಸ್ಸು ತಡೆಯಲಿಲ್ಲ. ಕಬ್ಬಿನ ಲಾರಿ ಹತ್ತಿ, ಅಲ್ಲಿಂದ ಬಸ್ಸು ಹಿಡಿದು, ಕೊನೆಯ ಹಾದಿ ನಡೆದು 24ರ ರಾತ್ರಿ ಮನೆ ಮುಟ್ಟಿದಳು. ಮರುದಿನ ಮಧ್ಯಾಹ್ನ ಮತ್ತೆ ಹೊರಟಳು. ಎರಡು ದಿನದ ದುಡಿತ ಮುಂಗಡಕ್ಕೆ ಸೇರಿತು.

ಅಪ್ಪ ಹೆಚ್ಚು ಮಾತಾಡುವವನಲ್ಲ. ಅಂದು ತಟ್ಟೆ ನೋಡುತ್ತಲೇ ಹೇಳಿದ: "ಬೆಲ್ಲ ತಿಂದದ್ದು ನನಗ ನೆನಪಿಲ್ಲ. ಅವ್ವನ ಕೈತುಂಬ ಕಬ್ಬಿನ ರವದಿ ತಾಗಿ ಗೀರು ಬಿದ್ದಿದ್ದು. ಆ ಕೈ ಹಿಡಕೊಂಡು ಮಲಗಿದ್ದ ನೆನಪೈತಿ."

ನಮಗಿಬ್ಬರಿಗೂ ಈ ಕಥೆ ಹೊಸದು. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬೆಳೆದರೂ ಕೇಳಿರಲಿಲ್ಲ. ನೂರಾ ಹನ್ನೆರಡು ಸಲ ಕ್ಯಾಮೆರಾ ತೆರೆದರೂ ಇದು ಅದರಲ್ಲಿ ಕಂಡಿರಲಿಲ್ಲ. ಈ ವಾರ ಗೋದಲಿಯ ಮುಂದೆ ನಿಂತಾಗ ನಮಗೆ ಆಯಿಯ ಆ ಪ್ರಯಾಣವೇ ನೆನಪಾಗುತ್ತಿತ್ತು. ದೇವರಿಗೆ ಸ್ವರ್ಗದಿಂದಲೇ ನಾವೆಲ್ಲ ಕಾಣುತ್ತಿದ್ದೆವು. ಸುದ್ದಿ ಕಳಿಸಲು ಪ್ರವಾದಿಗಳಿದ್ದರು, ದೂತರಿದ್ದರು. ಆದರೂ ಅವರು ತಾವೇ ಬಂದರು, ನಷ್ಟ ಹೊತ್ತು ಬಂದರು. ಕ್ರಿಸ್ತಜಯಂತಿ ಎಂದರೆ ಇದೇ ಅಲ್ಲವೇ?

ಈಗ ನಾವು ಮಾಡಿಕೊಂಡ ಬದಲಾವಣೆಗಳನ್ನು ಹೇಳುತ್ತೇವೆ. ದೊಡ್ಡದೇನೂ ಅಲ್ಲ.

ಮೊದಲನೆಯದು, ಕ್ಯಾಮೆರಾ ಇರಬೇಕೋ ಬೇಡವೋ ಎಂದು ಆಯಿಯನ್ನೇ ಕೇಳಿದೆವು. ಆಕೆ ಯೋಚಿಸಿ, "ಬಚ್ಚಲ ಕಡೆ ಇರಲಿ, ಬಿದ್ರ ಗೊತ್ತಾಗ್ಲಿ. ಹಾಸಿಗಿ ಕಡೆ ಬ್ಯಾಡ" ಎಂದಳು. ಹಾಗೆಯೇ ತಿರುಗಿಸಿದೆವು. ಸೂಚನೆಯ ಕ್ರಮವನ್ನೂ ತಲೆಕೆಳಗು ಮಾಡಿದೆವು. ಅಲುಗಾಡಿದಾಗಲೆಲ್ಲ ಹೇಳುವುದು ಬೇಡ, ಬೆಳಗ್ಗೆ ಏಳೂವರೆಯಾದರೂ ಯಾರೂ ಅಲುಗಾಡದಿದ್ದರೆ ಹೇಳಲಿ. ಅದಕ್ಕೆ ನಾವೇ ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದೆವು. ಸುಮ್ಮನೆ ತೆರೆದು ನೋಡುವ ಆ್ಯಪನ್ನು ಫೋನಿನಿಂದ ತೆಗೆದೆವು. ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಆ ಸೂಚನೆ ಬಂತು. ಅಪ್ಪ-ಅವ್ವ ನಸುಕಿನಲ್ಲೇ ತೋಟಕ್ಕೆ ಹೋಗಿದ್ದರು. ಪಕ್ಕದ ಮನೆಯ ಕಾಕುಗೆ ಫೋನ್ ಮಾಡಿದೆವು, ಆಕೆ ಓಡಿ ಹೋಗಿ ನೋಡಿದರೆ ಆಯಿಗೆ ಸುಡುವ ಜ್ವರ. ಯಂತ್ರವನ್ನು ಬಯ್ಯುವುದು ನಮ್ಮ ಉದ್ದೇಶವಲ್ಲ. ಅಂದು ಅದು ತನ್ನ ಕೆಲಸ ಮಾಡಿತು. ಆದರೆ ಆಯಿಯ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಕಾಕು.

ಎರಡನೆಯದು, ದಿನಾಲು ರಾತ್ರಿ ಎಂಟಕ್ಕೆ ಫೋನಿನಲ್ಲಿ ಜಪಸರ. ವಿಡಿಯೊ ಇಲ್ಲ, ಬರೀ ದನಿ. ಅಕ್ಟೋಬರ್ ಜಪಸರದ ತಿಂಗಳಾದ್ದರಿಂದ ಅಂದಿನಿಂದ ಶುರು ಮಾಡಿದೆವು. ಮೊದಲ ದಿನ ಎಲ್ಲರೂ ಒಟ್ಟಿಗೆ ಹೇಳಲು ಹೋಗಿ ಗೊಂದಲವಾಯಿತು. ಕಾರಣ ನಮಗೆ ಗೊತ್ತಿತ್ತು. ಫೋನು ನಮ್ಮ ಮಾತನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚೂರುಗಳಾಗಿ ಕತ್ತರಿಸಿ, ಒಂದೊಂದನ್ನೇ ನೆಟ್‌ವರ್ಕಿನಲ್ಲಿ ಕಳಿಸುತ್ತದೆ. ಆ ಕಡೆಯ ಫೋನು ಅವುಗಳನ್ನು ಸಾಲಾಗಿ ಜೋಡಿಸಲು ಸ್ವಲ್ಪ ಕಾಯುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತಿಗೆ ತೊಂದರೆಯಿಲ್ಲ ಎಂಬುದು ತಂತ್ರಜ್ಞರ ಅಳತೆ. ನಮ್ಮ ಊರಿನ ನೆಟ್‌ವರ್ಕಿನಲ್ಲಿ ಅದು ಅರ್ಧ ಸೆಕೆಂಡು ದಾಟುತ್ತದೆ. ಹಾಗಾಗಿ ನಮ್ಮ ದನಿ ಅವರಿಗೆ ಹಿಂದೆ, ಅವರ ದನಿ ನಮಗೆ ಹಿಂದೆ. ಇದಕ್ಕೇನು ಉಪಾಯ ಎಂದು ನಾವು ಯೋಚಿಸುವಷ್ಟರಲ್ಲಿ ಆಯಿ ಹೇಳಿದಳು: "ನಾ ಅರ್ಧಾ ಹೇಳ್ತೀನಿ, ನೀವು ಅರ್ಧಾ ಹೇಳ್ರಿ. ಗುಡಿಯಾಗ ಹ್ಯಾಂಗ ಹೇಳ್ತಾರ?" ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧ ಒಬ್ಬರು, ಎರಡನೇ ಅರ್ಧ ಉಳಿದವರು. ಅಷ್ಟೇ. ಒಬ್ಬರದ್ದು ಮುಗಿಯುವವರೆಗೆ ಇನ್ನೊಬ್ಬರು ಕಾಯುವುದರಿಂದ ಅರ್ಧ ಸೆಕೆಂಡಿನ ವಿಳಂಬ ಅಡ್ಡಿಯಾಗಲೇ ಇಲ್ಲ. ನಾವು ಎಂಜಿನಿಯರುಗಳಂತೆ ತಲೆ ಕೆರೆದುಕೊಳ್ಳುತ್ತಿದ್ದ ಸಮಸ್ಯೆಗೆ ಧರ್ಮಸಭೆ ಶತಮಾನಗಳ ಹಿಂದೆಯೇ ಉತ್ತರ ಇಟ್ಟುಕೊಂಡಿತ್ತು. ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮಾತು: ಆಡು ಮರಿ ಹಾಕಿದ್ದು, ದಾಳಿಂಬೆಗೆ ಬಂದ ರೋಗ, ಯಾರ ಮನೆಯ ಮದುವೆ.

ಮೂರನೆಯದು, ತಿಂಗಳಿಗೊಮ್ಮೆ ನಮ್ಮಲ್ಲೊಬ್ಬ ಊರಿಗೆ ಹೋಗುವುದು, ಪಾಳಿಯ ಪ್ರಕಾರ. ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಬಸ್ಸಿನ ಖರ್ಚು, ರಜೆ, ಶನಿವಾರದ ಹೆಚ್ಚಿನ ಕೆಲಸಕ್ಕೆ ಸಿಗುವ ಹಣ. ನವೆಂಬರಿನಲ್ಲಿ ಆಫೀಸಿನ ಗಡುವಿನ ಕಾರಣಕ್ಕೆ ಒಂದು ಪಾಳಿ ತಪ್ಪಿತು, ನಾಲ್ಕು ರಾತ್ರಿ ಜಪಸರವೂ ತಪ್ಪಿತು. ನಾವು ಗೆದ್ದೆವೆಂದು ಹೇಳಲು ಈ ಬರಹವಲ್ಲ. ಸಂತ ಯೊವಾನ್ನರ ಎರಡನೇ ಪತ್ರದ ಕೊನೆಯಲ್ಲಿ, ಬರೆಯಲು ಇನ್ನೂ ಎಷ್ಟೋ ವಿಷಯಗಳಿದ್ದರೂ ಕಾಗದ-ಶಾಯಿಯಲ್ಲಿ ಬರೆಯಲು ಮನಸ್ಸಿಲ್ಲ, ನಿಮ್ಮಲ್ಲಿಗೆ ಬಂದು ಮುಖಾಮುಖಿ ಮಾತಾಡುವ ಆಸೆಯಿದೆ ಎಂಬ ಅರ್ಥದ ಮಾತಿದೆ. ಆ ಕಾಲದ ತಂತ್ರಜ್ಞಾನ ಕಾಗದ-ಶಾಯಿ. ಅವರು ಅದನ್ನು ಬಿಸಾಡಲಿಲ್ಲ, ಅದರಲ್ಲೇ ಪತ್ರ ಬರೆದರು. ಆದರೆ ಹೋಗುವ ಆಸೆಯನ್ನು ಪತ್ರದ ಕೈಗೆ ಒಪ್ಪಿಸಿಬಿಡಲಿಲ್ಲ.

ನಮ್ಮ ಕಾಲದ ಕಂಪ್ಯೂಟರ್ ಹುಡುಗನೊಬ್ಬ 2025ರ ಸೆಪ್ಟೆಂಬರ್ 7ರಂದು ಸಂತನಾದ. ವಿಶ್ವಗುರು ಹದಿನಾಲ್ಕನೇ ಲಿಯೋ ಅವರು ಕಾರ್ಲೊ ಅಕ್ಯೂಟಿಸನಿಗೆ ಸಂತ ಪದವಿ ಕೊಟ್ಟರು. 1991ರಲ್ಲಿ ಹುಟ್ಟಿ, ರಕ್ತದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 12ರಂದು ತೀರಿಕೊಂಡಾಗ ಅವನಿಗೆ ಬರೀ ಹದಿನೈದು ವರ್ಷ. ತಾನೇ ಪ್ರೋಗ್ರಾಮಿಂಗ್ ಕಲಿತು ಪರಮಪ್ರಸಾದದ ಅದ್ಭುತಗಳನ್ನು ಪಟ್ಟಿ ಮಾಡಿದ. ವಿಡಿಯೊ ಗೇಮ್ ಅವನಿಗೂ ಇಷ್ಟ, ಆದರೆ ವಾರಕ್ಕೆ ಒಂದೇ ತಾಸು ಎಂದು ತಾನೇ ಮಿತಿ ಹಾಕಿಕೊಂಡಿದ್ದನಂತೆ. ಕಂಪ್ಯೂಟರನ್ನು ದೂರ ತಳ್ಳಲೂ ಇಲ್ಲ, ಅದರ ಕೈಗೆ ಸಿಗಲೂ ಇಲ್ಲ. ಪುಣೆಯ ನಮ್ಮ ಖೋಲಿಯಲ್ಲಿ ಲ್ಯಾಪ್‌ಟಾಪಿನ ಪಕ್ಕ ಈಗ ಅವನ ಚಿಕ್ಕ ಚಿತ್ರವಿದೆ.

ಗೆಳೆಯರೇ, ಈ ಹಬ್ಬದ ವಾರ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಫೋನಿನ ಕರೆಗಳ ಪಟ್ಟಿ ತೆರೆದು, ಕಳೆದ ನಾಲ್ಕು ವಾರಗಳಲ್ಲಿ ಮನೆಗೆ ಎಷ್ಟು ಸಲ ಮಾತಾಡಿದ್ದೀರಿ ಎಂದು ಎಣಿಸಿರಿ. ಸ್ಟೇಟಸ್ ನೋಡಿದ್ದು, ಫಾರ್ವರ್ಡ್ ಕಳಿಸಿದ್ದು ಲೆಕ್ಕಕ್ಕೆ ಬೇಡ. ಮೇ ತಿಂಗಳಲ್ಲಿ ನಮ್ಮ ಮಾತು ಕೇಳಿ ಮನೆಯಲ್ಲಿ ಕ್ಯಾಮೆರಾ ಹಾಕಿದವರು ಹಿರಿಯರನ್ನು ಒಮ್ಮೆ ಕೇಳಿರಿ: ಇದು ಇರಲೋ, ಎಲ್ಲಿ ಇರಲಿ? ಒಂದು ಟವೆಲನ್ನೂ ಅವರ ಕೈಗೆಟುಕುವಲ್ಲಿ ಇಡಿರಿ.

ನಿನ್ನೆ ಕ್ರಿಸ್ತಜಯಂತಿಗೆ ನಾವು ಮನೆಗೆ ಬಂದಿದ್ದೇವೆ, ಇದನ್ನು ಬರೆಯುತ್ತಿರುವುದೂ ಸೋನ್ಯಾಳದ ಪಡಸಾಲೆಯಲ್ಲೇ. ಟವೆಲ್ ಈಗ ಕ್ಯಾಮೆರಾದ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ. ಮೊನ್ನೆ ನಾವು ಬ್ಯಾಗ್ ಇಳಿಸುವ ಮೊದಲೇ ಆಯಿ ಎದ್ದು ಹೋಗಿ ಅದನ್ನು ಕ್ಯಾಮೆರಾದ ಮೇಲೆ ಹಾಕಿದಳು. "ಮಂದಿ ಮನಿಗೆ ಬಂದ ಮ್ಯಾಲೆ ಇದಕ್ಕೇನ ಕೆಲಸ?" ಎಂದು ಚಹಾಕ್ಕಿಡಲು ಒಳಗೆ ಹೋದಳು.

ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬವು ನಮ್ಮ ನಿಮ್ಮೆಲ್ಲರ ಮನೆಗಳನ್ನು ಹರಸಲಿ. ಹಬ್ಬದ ಶುಭಾಶಯಗಳು.